ಜಡೆಯ ನೆರಳು

"ಗುರುಗಳೇ, ಪರೀಕ್ಷಿಸದೆ ಯಾವುದನ್ನೂ ನಂಬಬೇಡ ಎಂದು ನೀವೇ ಹೇಳಿಕೊಟ್ಟಿರಿ. ಹಾಗಾದರೆ ಅನುಮಾನಕ್ಕೆ ಒಂದು ಕೊನೆ ಎಂಬುದು ಇದೆಯೇ?"

ಹೀಗೆ ಕೇಳಿದವನು ಉಮಾಪತಿ. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳನ್ನು ಓದಿ ಕಾಯಿಲೆ ಹೇಳುವ ವೈದ್ಯ. ರಜೆಯ ದಿನ ಗುಡ್ಡದ ಮೇಲಿನ ಆಶ್ರಮಕ್ಕೆ ಬಂದು ಗುರುಗಳ ಎದುರು ಕೂರುವುದು ಅವನ ರೂಢಿ. ಅಂದು ಅವನು ಬಂದಾಗಲೇ ಮುಖ ಗಂಟಿಕ್ಕಿಕೊಂಡಿದ್ದ.

"ಕೊನೆ ಯಾಕೆ ಬೇಕು? ಅನುಮಾನಪಟ್ಟು ಸುಸ್ತಾಯಿತೇ?" ಎಂದರು ಗುರುಗಳು.

ಉಮಾಪತಿ ವಿಷಯ ಹೇಳಿದ. ಎದೆಯ ಚಿತ್ರ ನೋಡಿ ಕಾಯಿಲೆ ಗುರುತಿಸುವ ಹೊಸ ಯಂತ್ರವೊಂದನ್ನು ಅವನ ಆಸ್ಪತ್ರೆ ತರಿಸಬೇಕೆಂದಿದೆ. ಸಂಶೋಧಕರು ಅದಕ್ಕೆ ಲಕ್ಷಾಂತರ ಚಿತ್ರಗಳನ್ನು ತೋರಿಸಿ ಕಲಿಸಿದ್ದಾರೆ. ತರಿಸಬೇಕೋ ಬೇಡವೋ ಎಂದು ನಾಳಿನ ಸಭೆಯಲ್ಲಿ ಅವನೇ ಹೇಳಬೇಕು. ಸಂಶೋಧಕರು ಬರೆದದ್ದನ್ನೆಲ್ಲ ಓದಿದ್ದಾನೆ. ಓದಿದಷ್ಟೂ ಅನುಮಾನ ಬೆಳೆದಿದೆ.

"ಒಂದು ಮಾತು ಒಪ್ಪಿಕೊಳ್ಳುತ್ತೇನೆ," ಎಂದ ಉಮಾಪತಿ. "ಅದು ತಪ್ಪು ಹೇಳಿದೆ ಎಂದು ಕೇಳಿದರೆ ನನಗೆ ನೆಮ್ಮದಿಯಾಗುತ್ತದೆ. ಸರಿ ಹೇಳಿದೆ ಎಂದರೆ ನಿದ್ದೆ ಬರುವುದಿಲ್ಲ."

ಗುರುಗಳು ನಕ್ಕರು. ಆ ನಗು ಉಮಾಪತಿಗೆ ಹಿಡಿಸಲಿಲ್ಲ.

"ಸರಿಯಾಗಿ ಕೂತುಕೋ. ನಿನ್ನಂಥವನೇ ಒಬ್ಬನಿದ್ದ," ಎಂದು ಅವರು ಕತೆ ಶುರುಮಾಡಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬ ವೈದ್ಯನಿದ್ದ. ಅವನದೂ ನಿನ್ನ ಕೆಲಸವೇ, ಚಿತ್ರ ಓದುವುದು. ಅವನಷ್ಟು ಅನುಮಾನದ ಮನುಷ್ಯ ಆ ಊರಲ್ಲಿ ಇರಲಿಲ್ಲ. ಹಾಲಿನವನು ಕಣ್ಣೆದುರೇ ಹಾಲು ಕರೆದು ಕೊಟ್ಟರೂ ಚೆಂಬಿನ ತಳ ನೋಡುತ್ತಿದ್ದ. ಬಸ್ಸಿನ ಬೋರ್ಡು ಓದಿದ ಮೇಲೂ ಒಳಗೆ ಕೂತವರನ್ನು ಕೇಳಿಯೇ ಹತ್ತುತ್ತಿದ್ದ. ಮನೆಯವರಿಗೆ ಇದು ಕಿರಿಕಿರಿ. ರೋಗಿಗಳಿಗೆ ಮಾತ್ರ ಇದರಿಂದ ಉಪಕಾರವೇ ಆಗುತ್ತಿತ್ತು. ಬೇರೆಯವರು ಒಂದು ಸಲ ನೋಡುವ ಚಿತ್ರವನ್ನು ಅವನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಸಂಶಯ ಬಂದರೆ ಇನ್ನೊಂದು ಚಿತ್ರ ತೆಗೆಸುತ್ತಿದ್ದ. ಎಷ್ಟೋ ಜನ ಅವನ ಅನುಮಾನದಿಂದ ಬದುಕಿಕೊಂಡರು. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ.

ಅಲ್ಲಿಗೆ ಒಬ್ಬ ಸಂಶೋಧಕ ಯಂತ್ರವೊಂದನ್ನು ತಂದ. ಯಂತ್ರ ಎಂದರೆ ಕೈಕಾಲು ಇರುವಂಥದ್ದಲ್ಲ, ಕಂಪ್ಯೂಟರಿನ ಒಳಗೆ ಕೂತ ಬುದ್ಧಿ. ಅದೇ ಆಸ್ಪತ್ರೆಯ ಹಳೆಯ ಚಿತ್ರಗಳನ್ನು ತೋರಿಸಿ ಅದಕ್ಕೆ ಕಲಿಸಿದ್ದರು. ಎದೆಯ ಚಿತ್ರ ತೋರಿಸಿದರೆ ಕಣ್ಣು ಮಿಟುಕಿಸುವುದರೊಳಗೆ 'ಕಾಯಿಲೆ ಇದೆ', 'ಕಾಯಿಲೆ ಇಲ್ಲ' ಎನ್ನುತ್ತಿತ್ತು. ಉತ್ತರ ತಿಳಿದಿದ್ದ ಚಿತ್ರಗಳನ್ನು ವೈದ್ಯ ಅದರ ಮುಂದೆ ಇಟ್ಟ. ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಹೇಳಿತು. ಆಸ್ಪತ್ರೆಯವರು ಚಪ್ಪಾಳೆ ತಟ್ಟಿದರು. ವೈದ್ಯನೊಬ್ಬ ತಟ್ಟಲಿಲ್ಲ.

"ಇಷ್ಟು ಸರಿ ಹೇಳುತ್ತದೆ ಎಂದರೆ ಇದರಲ್ಲಿ ಏನೋ ಸರಿಯಿಲ್ಲ," ಎಂದ.

ಅವನ ಅನುಮಾನ ಎಲ್ಲಿಗೆ ಹೋಯಿತು ನೋಡು. ನಡೆದು ಬರುವ ರೋಗಿಯನ್ನು ನಿಲ್ಲಿಸಿ ಎಕ್ಸ್-ರೇ ತೆಗೆಯುತ್ತಾರೆ. ಏಳಲಾಗದವನಾದರೆ ಎಕ್ಸ್-ರೇ ಗಾಡಿಯನ್ನೇ ಹಾಸಿಗೆಯ ಹತ್ತಿರ ತಳ್ಳಿಕೊಂಡು ಹೋಗುತ್ತಾರೆ. ಹಾಸಿಗೆಯಲ್ಲಿ ತೆಗೆದ ಚಿತ್ರದಲ್ಲಿ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಓದುವವನು ಮೋಸಹೋಗದಿರಲಿ ಎಂದು ಆ ಆಸ್ಪತ್ರೆಯಲ್ಲಿ ಅಂಥ ಚಿತ್ರದ ಮೂಲೆಗೆ ಸೀಸದ ಒಂದು ಚೂರು ಇಡುತ್ತಿದ್ದರು. ಅದು ಚಿತ್ರದಲ್ಲಿ ಬಿಳಿ ಗುರುತಾಗಿ ಬೀಳುತ್ತಿತ್ತು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೆ ಸಂಶೋಧಕನಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ವೈದ್ಯ ತಾನೇ ವಾರ್ಡಿಗೆ ಹೋಗಿ ಖಾಲಿ ಹಾಸಿಗೆಯ ಮೇಲೆ ಮಲಗಿದ. ಮೂಲೆಗೆ ಸೀಸದ ಚೂರು ಇಡಿಸಿ ತನ್ನ ಎದೆಯ ಚಿತ್ರ ತೆಗೆಸಿದ. ಅವನು ಗಟ್ಟಿಮುಟ್ಟಾದ ಆಸಾಮಿ, ಆ ವರ್ಷ ಒಂದು ಸೀನೂ ಸೀನಿರಲಿಲ್ಲ. ಯಂತ್ರ ಅವನ ಚಿತ್ರ ನೋಡಿ 'ಕಾಯಿಲೆ ಇದೆ' ಎಂದಿತು. ಮೂಲೆಯ ಗುರುತನ್ನು ಮರೆಮಾಡಿ ಮತ್ತೆ ತೋರಿಸಿದ. 'ಕಾಯಿಲೆ ಇಲ್ಲ' ಎಂದಿತು.

ಯಂತ್ರ ಎದೆಯನ್ನು ನೋಡುತ್ತಲೇ ಇರಲಿಲ್ಲ. ಬಿಳಿ ಗುರುತು ಇದ್ದರೆ ಹಾಸಿಗೆ ಹಿಡಿದವನು, ಹಾಸಿಗೆ ಹಿಡಿದವನಾದರೆ ರೋಗಿ, ಇಷ್ಟನ್ನೇ ಅದು ಕಲಿತುಕೊಂಡಿತ್ತು.

ಆಸ್ಪತ್ರೆಯೆಲ್ಲ ಬಿದ್ದು ಬಿದ್ದು ನಕ್ಕಿತು. ವೈದ್ಯನ ಹೆಸರು ಅಕ್ಕಪಕ್ಕದ ಊರುಗಳಿಗೂ ಹಬ್ಬಿತು. ಯಂತ್ರದ ಕಳ್ಳತನ ಹಿಡಿದ ವೈದ್ಯ ಎಂದು ಸಭೆಗಳಿಗೆ ಕರೆದು ಶಾಲು ಹೊದಿಸಿದರು. ಅವನು ಪ್ರತಿ ಸಭೆಯಲ್ಲೂ ಹಾಸಿಗೆಯ ಮೇಲೆ ಮಲಗಿದ ಕತೆ ಹೇಳಿದ. ಹೇಳುತ್ತ ಹೇಳುತ್ತ ಅದಕ್ಕೆ ಒಗ್ಗರಣೆಯೂ ಬಿತ್ತು.

ಸಂಶೋಧಕನಿಗೆ ಸಿಟ್ಟು ಬರಲಿಲ್ಲ. ತಪ್ಪು ತೋರಿಸಿದ್ದಕ್ಕೆ ಕೈಮುಗಿದು ಯಂತ್ರವನ್ನು ಹಿಂದಕ್ಕೆ ಕೊಂಡೊಯ್ದ. ವೈದ್ಯನಿಗೆ ಅದರ ಮೇಲೂ ಅನುಮಾನವೇ. ಜಗಳವಾಡದೆ ಹೋದವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡ.

ಸಂಶೋಧಕ ಸುಮ್ಮನೆ ಕೂರಲಿಲ್ಲ. ಚಿತ್ರಗಳ ಮೂಲೆಗಳನ್ನೆಲ್ಲ ಕತ್ತರಿಸಿ ಹಾಕಿದ. ಬೇರೆ ಬೇರೆ ಆಸ್ಪತ್ರೆಗಳಿಂದ, ಬೇರೆ ಬೇರೆ ರೀತಿಯಲ್ಲಿ ತೆಗೆದ ಚಿತ್ರಗಳನ್ನು ತಂದು ಮೊದಲಿಂದ ಕಲಿಸಿದ. ಸುಮ್ಮನೆ 'ಇದೆ', 'ಇಲ್ಲ' ಎಂದರೆ ಸಾಲದು, ಎಲ್ಲಿ ಇದೆ ಎಂದು ತೋರಿಸು ಎಂದೂ ಕಲಿಸಿದ. ಮತ್ತೆ ತಂದಾಗ ಯಂತ್ರ ತನಗೆ ಸಂಶಯ ಬಂದ ಜಾಗದ ಸುತ್ತ ಕೆಂಪು ವೃತ್ತ ಎಳೆಯುತ್ತಿತ್ತು. ವೈದ್ಯ ಮತ್ತೆ ಹಾಸಿಗೆಯ ಮೇಲೆ ಮಲಗಿದ. ಈ ಸಲ ಯಂತ್ರ 'ಕಾಯಿಲೆ ಇಲ್ಲ' ಎಂದಿತು.

ಆಸ್ಪತ್ರೆಯವರು ಯಂತ್ರವನ್ನು ಇಟ್ಟುಕೊಂಡರು. ಆದರೆ ಒಂದು ನಿಯಮ ಮಾಡಿದರು. ಯಂತ್ರ ವೃತ್ತ ಎಳೆಯಲಿ, ಕೊನೆಯ ಮಾತು ವೈದ್ಯನದೇ. ಅವನು ಏನೂ ಇಲ್ಲ ಎಂದರೆ ಏನೂ ಇಲ್ಲ.

ಈಗ ವೈದ್ಯನ ರೀತಿ ಬದಲಾಯಿತು, ಉಮಾಪತಿ. ಅದು ಅವನಿಗೇ ತಿಳಿಯಲಿಲ್ಲ. ಮೊದಲು ಅವನು ಚಿತ್ರವನ್ನು ಓದುತ್ತಿದ್ದ, ಈಗ ಯಂತ್ರವನ್ನು ಓದತೊಡಗಿದ. ಕೆಂಪು ವೃತ್ತ ಕಂಡ ಕೂಡಲೇ ಇಲ್ಲಿ ಕಾಯಿಲೆ ಇದೆಯೇ ಎಂದು ಕೇಳಿಕೊಳ್ಳುತ್ತಿರಲಿಲ್ಲ. ಇಲ್ಲಿ ಯಂತ್ರ ಯಾವುದಕ್ಕೆ ಬೇಸ್ತುಬಿದ್ದಿದೆ ಎಂದು ಹುಡುಕುತ್ತಿದ್ದ. ಹುಡುಕಿದವನಿಗೆ ಸಿಗದೆ ಇರುತ್ತದೆಯೇ? ಒಮ್ಮೆ ಅಂಗಿಯ ಗುಂಡಿ ಸಿಕ್ಕಿತು. ಒಮ್ಮೆ ಕೊರಳ ತಾಯಿತ. ಇನ್ನೊಮ್ಮೆ ಒಬ್ಬ ಹುಡುಗಿಯ ಜಡೆ ಹೆಗಲ ಮೇಲಿಂದ ಮುಂದೆ ಬಿದ್ದಿತ್ತು. ಅದರ ನೆರಳನ್ನೇ ಯಂತ್ರ ಗಂಟು ಎಂದು ತಿಳಿದಿತ್ತು. ಪ್ರತಿ ಸಲವೂ ಅವನು ಊಟದ ಹೊತ್ತಿಗೆ ಅದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಯಂತ್ರ ಸರಿಯಾಗಿ ಹೇಳಿದ ದಿನ ಸುಮ್ಮನೆ ಊಟ ಮಾಡುತ್ತಿದ್ದ.

ಒಂದು ದಿನ ಒಬ್ಬ ಬಸ್ ಕಂಡಕ್ಟರ್ ಹೆಂಗಸು ಬಂದಳು. ಅವಳ ಡಿಪೋದಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕಡ್ಡಾಯ. ಖಾಕಿ ಅಂಗಿ, ಹೆಗಲಿಗೆ ಚೀಲ, ಮೊಣಕಾಲು ದಾಟುವ ಜಡೆ. ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರ್ ಬೆಚ್ಚಿಬೀಳುವಂಥ ದನಿ. ಗಂಡ ಇರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಅವಳ ದುಡಿಮೆಯ ಮೇಲೆಯೇ ಓದುತ್ತಿದ್ದರು.

ಅವಳ ಚಿತ್ರದಲ್ಲಿ ಯಂತ್ರ ಎಡ ಶ್ವಾಸಕೋಶದ ಮೇಲ್ತುದಿಯಲ್ಲಿ, ಕೊರಳ ಎಲುಬಿನ ಹಿಂದೆ, ಒಂದು ಕೆಂಪು ವೃತ್ತ ಎಳೆಯಿತು.

ಅಲ್ಲಿ ಒಂದು ಗಂಟಿತ್ತು. ನಿನಗೆ ಈಗಲೇ ಹೇಳಿಬಿಡುತ್ತೇನೆ, ಕತೆಯಲ್ಲಿ ಮುಚ್ಚಿಡುವುದು ನನಗೆ ಹಿಡಿಸದು. ಅಂದು ಅದು ಕಡಲೆ ಕಾಳಿನಷ್ಟಿತ್ತು. ಅಷ್ಟಿರುವಾಗ ಸಿಕ್ಕರೆ ಕತ್ತರಿಸಿ ತೆಗೆಯಬಹುದು. ರೋಗಿ ಎದ್ದು ಮತ್ತೆ ಕೆಲಸಕ್ಕೆ ಹೋಗಬಹುದು. ಬಿಟ್ಟರೆ ಬೆಳೆಯುತ್ತದೆ. ಬೆಳೆದ ಮೇಲೆ ಏನಾಗುತ್ತದೆ ಎಂದು ನಾನು ನಿನಗೆ ಹೇಳಬೇಕಾಗಿಲ್ಲ.

ವೈದ್ಯ ವೃತ್ತವನ್ನು ನೋಡಿದ. ಅವಳನ್ನು ಒಳಗೆ ಕರೆಸಿದ. ಅವಳು ಒಳಗೆ ಬಂದಾಗ ಮೊದಲು ಅವನ ಕಣ್ಣಿಗೆ ಬಿದ್ದದ್ದು ಜಡೆ.

"ಚಿತ್ರ ತೆಗೆಯುವಾಗ ಜಡೆ ಮುಂದೆ ಇತ್ತೇನಮ್ಮಾ?"

"ಇದ್ದಿರ್ಬೋದು ಸಾರ್. ಎಲ್ಲಿ ಬಿದ್ದಿರುತ್ತೋ ನಂಗೇ ಗೊತ್ತಾಗಲ್ಲ. ಯಾಕೆ ಸಾರ್, ಏನಾದ್ರೂ ಇದ್ಯಾ?"

ವೈದ್ಯ ನಕ್ಕ. "ಏನೂ ಇಲ್ಲ. ನಿಮ್ಮ ಜಡೆ ನೋಡಿ ನಮ್ಮ ಯಂತ್ರ ಹೆದರಿಕೊಂಡಿದೆ."

ಅವಳೂ ನಕ್ಕಳು. ಆ ನಗು ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸಿತು. ಇಷ್ಟು ಗಟ್ಟಿಯಾಗಿ ನಗುವವಳಿಗೆ ಏನಾಗಿರಲು ಸಾಧ್ಯ ಎಂದು ವೈದ್ಯ ಒಳಗೊಳಗೇ ಹೇಳಿಕೊಂಡ. ಜಡೆ ಎತ್ತಿ ಕಟ್ಟಿಸಿ ಇನ್ನೊಂದು ಚಿತ್ರ ತೆಗೆಸಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು. ಯಂತ್ರವನ್ನು ಹಿಡಿಯಲು ತಾನೇ ಹಾಸಿಗೆಯ ಮೇಲೆ ಮಲಗಿದವನು ಅವನು. ಅವಳಿಗಾಗಿ ಇನ್ನೊಂದು ಚಿತ್ರ ತೆಗೆಸಲಿಲ್ಲ. ಏನೂ ಇಲ್ಲ ಎಂದು ಸಹಿ ಹಾಕಿದ. ಅಂದು ಊಟದ ಹೊತ್ತಿಗೆ ಜಡೆಯ ಕತೆ ಹೇಳಿದ. ಎಲ್ಲರೂ ನಕ್ಕರು.



ಮುಂದಿನ ವರ್ಷದ ತಪಾಸಣೆಗೆ ಮೊದಲೇ ಅವಳು ಬಂದಳು. ದನಿ ಬಿದ್ದುಹೋಗಿತ್ತು. ಬಸ್ಸಿನಲ್ಲಿ ಊರಿನ ಹೆಸರು ಕೂಗಲು ಹೋದರೆ ಬರೀ ಗಾಳಿ ಬರುತ್ತಿತ್ತು. ಧೂಳಿಗೆ ಗಂಟಲು ಕಟ್ಟಿದೆ ಎಂದು ಬಿಸಿನೀರು, ಶುಂಠಿ, ಜೇನು ಎಂದು ದಿನ ತಳ್ಳಿದ್ದಳು. ಕೊನೆಗೆ ಗಂಟಲು ನೋಡಿದ ವೈದ್ಯರು, ದನಿಯ ನರವನ್ನು ಎದೆಯೊಳಗೆ ಏನೋ ಒತ್ತುತ್ತಿರಬಹುದು, ಎದೆಯ ಚಿತ್ರ ತೆಗೆಸಿಕೊಂಡು ಬಾ ಎಂದು ಕಳಿಸಿದ್ದರು.

ಈ ಸಲ ಯಂತ್ರ ಬೇಕಾಗಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರೂ ಕಾಣುತ್ತಿತ್ತು.

ವೈದ್ಯ ಹಳೆಯ ಚಿತ್ರ ತೆಗೆದು ಪಕ್ಕದಲ್ಲಿ ಇಟ್ಟ. ಜಡೆಯ ನೆರಳಾದರೆ ಶ್ವಾಸಕೋಶದ ಗೆರೆ ದಾಟಿ ಕತ್ತಿನ ಕಡೆಗೆ ಹೋಗುತ್ತದೆ. ಎಲುಬಿನ ಆಚೆಗೂ ಕಾಣುತ್ತದೆ. ಇದು ಎಲ್ಲೂ ಹೋಗಿರಲಿಲ್ಲ. ಶ್ವಾಸಕೋಶದ ಒಳಗೇ, ದುಂಡಗೆ, ಕೂತಿತ್ತು. ಕಲಿಯಲು ಬಂದ ಮೊದಲ ವರ್ಷದವರೂ ಇದನ್ನು ಹೇಳುತ್ತಿದ್ದರು. ಅವನು ತನ್ನ ಶಿಷ್ಯರಿಗೆ ಎಷ್ಟೋ ಸಲ ಇದನ್ನೇ ಕಲಿಸಿದ್ದ. ಅಂದು ಅದು ಕಾಣದೆ ಇರಲಿಲ್ಲ, ಅವನು ಆ ಕಡೆ ನೋಡಿರಲಿಲ್ಲ ಅಷ್ಟೇ.

ಅವನು ಹೊರಗೆ ಬಂದು ಅವಳ ಪಕ್ಕ ಬೆಂಚಿನ ಮೇಲೆ ಕೂತ. ತಪ್ಪು ನನ್ನದು ಎನ್ನಬೇಕಿತ್ತು. ಆ ಮಾತು ಬಾಯಿಗೆ ಬರಲಿಲ್ಲ. ಅದರ ಬದಲು ಬೇರೊಂದು ಬಂತು.

"ಇಷ್ಟು ದಿನ ನಿಮಗೆ ಒಂದು ಸಲವೂ ಅನುಮಾನ ಬರಲಿಲ್ಲವೇನಮ್ಮಾ? ಇನ್ನೊಬ್ಬರ ಹತ್ತಿರ ತೋರಿಸಬಾರದಿತ್ತೇ?"

ಅವಳು ಬಿದ್ದ ದನಿಯಲ್ಲೇ ಹೇಳಿದಳು. ಅವನು ಕಿವಿ ಹತ್ತಿರ ತಂದು ಕೇಳಬೇಕಾಯಿತು.

"ನಿಮ್ಮಷ್ಟು ಅನುಮಾನದೋರು ಈ ಊರಲ್ಲೇ ಇಲ್ಲ ಅಂತಾರಲ್ಲ ಸಾರ್. ನೀವೇ ಏನೂ ಇಲ್ಲ ಅಂದ್ಮೇಲೆ ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ?"

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಪಕ್ಕದ ತಂಬಿಗೆಯಿಂದ ನೀರು ಕುಡಿದರು.

ಉಮಾಪತಿ ಮುಂದೆ ಸರಿದು ಕೂತ.

"ಅಂದರೆ ಎರಡನೆಯ ಸಲ ಯಂತ್ರ ನಿಜವಾಗಿಯೂ ಸುಧಾರಿಸಿತ್ತು. ಆ ಆಸ್ಪತ್ರೆಯಲ್ಲಿ ಅದನ್ನು ಮುಂದೆಯೂ ಇಟ್ಟುಕೊಂಡರೇ, ಗುರುಗಳೇ?"

"ಇಟ್ಟುಕೊಂಡರು."

"ಆ ವೈದ್ಯ? ಅವನ ಮೇಲೆ ಕ್ರಮ ಏನಾದರೂ ಆಯಿತೇ?"

"ಆಗಲಿಲ್ಲ. ಕೆಲಸದಲ್ಲಿ ಮುಂದುವರಿದ."

"ಹಾಗಾದರೆ ನಾನು ನಾಳೆ ಸಭೆಯಲ್ಲಿ ಏನು ಹೇಳಲಿ? ಯಂತ್ರವನ್ನು ನಂಬಬೇಕೋ, ಅನುಮಾನಿಸಬೇಕೋ? ಕತೆಯಿಂದ ಎರಡೂ ಹೊರಡುತ್ತವೆ. ನೀವು ಒಂದು ಹೇಳಿಬಿಡಿ."

ಗುರುಗಳು ಅವನನ್ನೇ ನೋಡಿದರು.

"ಎಲ್ಲ ಕೇಳಿದೆಯಲ್ಲ ಉಮಾಪತಿ, ಅವಳು ಬದುಕಿದಳೇ ಎಂದು ಮಾತ್ರ ಕೇಳಲಿಲ್ಲ."