ಬುಡದ ತುಂಡು, ತುದಿಯ ತುಂಡು

ಬಿಲ್ಲು ಮಾಡುವ ದ್ಯಾವಣ್ಣನಿಗೆ ಉದ್ದನೆಯ ಮರ ಸಿಗಲಿಲ್ಲ. ತಡಸಲು ಮರದ ಬುಡದ ತುಂಡೊಂದು, ತುದಿಯ ತುಂಡೊಂದು ತಂದ. ಕೈಯಲ್ಲಿ ಹಿಡಿಯುವ ಜಾಗದಲ್ಲಿ ಕಚ್ಚು ಕೊರೆದು ಒಂದರೊಳಗೊಂದು ಕೂರಿಸಿ, ಅಂಟು ಹಾಕಿ, ನಾರು ಸುತ್ತಿದ. ಹೆದೆ ಕಟ್ಟಿ ಎಳೆದರೆ ತುದಿಯ ತುಂಡು ಬಿಲ್ಲಾಗಿ ಬಾಗಿತು. ಬುಡದ ತುಂಡು ಜಪ್ಪಯ್ಯ ಎಂದರೂ ಬಾಗಲಿಲ್ಲ. ದ್ಯಾವಣ್ಣ ಚೂರಿ ತೆಗೆದು ಅದನ್ನೇ ಹೆರೆಯತೊಡಗಿದ.

“ಚೂರಿಯಣ್ಣ, ಮೆತ್ತಗಿರುವವನು ಅವನು. ಹೆರೆಯುವುದು ನನ್ನನ್ನೇಕೆ?” ಎಂದು ಬುಡದ ತುಂಡು ಸಿಡುಕಿತು.

“ನಿನ್ನ ಪಾಲನ್ನೂ ಸೇರಿಸಿ ಅವನೇ ಬಾಗುತ್ತಿದ್ದಾನೆ. ಹೀಗೇ ಎಳೆದರೆ ಮುರಿಯುತ್ತಾನೆ. ಆಮೇಲೆ ನೀನೊಬ್ಬನೇ ಹೋಗುವುದೆಲ್ಲಿಗೆ? ಒಲೆಗೆ!” ಎಂದಿತು ಚೂರಿ.

ಬುಡದ ತುಂಡು ಮೈ ಹೆರೆಸಿಕೊಂಡಿತು. ಆದರೆ ಕುತೂಹಲ ಬಿಡಬೇಕಲ್ಲ. “ಬಾಗಿದರೆ ನೋಯುತ್ತದೆಯೇ, ತಮ್ಮಾ?” ಎಂದು ಜೊತೆಯ ತುಂಡನ್ನು ಕೇಳಿತು.

“ಒಬ್ಬನೇ ಬಾಗಿದರೆ ನೋಯುತ್ತದೆ. ಇಬ್ಬರೂ ಬಾಗಿದರೆ ಹೇಗೋ, ನನಗೂ ಗೊತ್ತಿಲ್ಲ, ಅಣ್ಣ.”

ದ್ಯಾವಣ್ಣ ಬಾಣ ಹೂಡಿ ಹೆದೆ ಎಳೆದ. ಈ ಸಲ ಎರಡೂ ಸಮನಾಗಿ ಬಾಗಿದವು. ಬಾಣ ಹೊಲದಾಚೆಯ ಬಾಳೆದಿಂಡಿಗೆ ಹೋಗಿ ನಾಟಿತು.

“ಅಬ್ಬಾ! ಅದನ್ನು ಹಾರಿಸಿದ್ದು ನೀನೋ, ನಾನೋ?” ಎಂದಿತು ಬುಡದ ತುಂಡು.

“ನಾನೂ ಅದನ್ನೇ ಕೇಳೋಣವೆಂದಿದ್ದೆ, ಅಣ್ಣ.”