'ರೀ' ಅಂದರೆ ಸಾಕು

ತಿಪ್ಪೇಶಿ, ಕಮಲಾಕ್ಷಿ ಗಂಡ ಹೆಂಡತಿ. ಬೆಳಿಗ್ಗೆ ಮನೆಯಲ್ಲಿ ಆಡಿದ ಜಗಳವನ್ನೇ ಸಂಜೆ ವೇದಿಕೆಯಲ್ಲಿ ಆಡಿ ಜನರನ್ನು ನಗಿಸುವುದು ಅವರ ಕಸುಬು. ಅಂದಿನ ಜಗಳ, ತಿಪ್ಪೇಶಿ ಹಾಲು ಉಕ್ಕಿಸಿದ್ದು.

ಹರಿಹರದ ಒಂದು ಸಂಘದ ವಾರ್ಷಿಕೋತ್ಸವ. ಪರದೆ ಏಳುವ ಮೊದಲು ಅಧ್ಯಕ್ಷ ಮರುಳಸಿದ್ದಪ್ಪನವರು ಒಳಗೆ ಬಂದರು.

"ನೋಡಮ್ಮ, ಹೆಂಗಸು ಗಂಡನಿಗೆ ಎದುರು ಮಾತಾಡೋದು ನಮ್ಮ ವೇದಿಕೆ ಮೇಲೆ ನಡೆಯಲ್ಲ. ಅವರು ಮಾತಾಡಲಿ. ನೀನು ಗೌರವವಾಗಿ 'ರೀ' ಅಂದರೆ ಸಾಕು. ಆಗಲ್ಲ ಅಂದ್ರೆ ಈಗಲೇ ಬಸ್ಸು ಹತ್ತಿ."

ತಿಪ್ಪೇಶಿಯ ಮುಖ ಬಾಡಿತು. ಹೆಂಡತಿಯ ಬಾಯಿ ಕಟ್ಟಿದರೆ ಆಟವೆಲ್ಲಿ?

ಕಮಲಾಕ್ಷಿ ಮಾತ್ರ, "ಆಗಲಿ ಸಾರ್. 'ರೀ' ಬಿಟ್ಟು ಇನ್ನೊಂದು ಮಾತು ಆಡಿದರೆ ಕೇಳಿ" ಎಂದಳು.

ಪರದೆ ಎದ್ದಿತು. ಅವಳು ಸೊಂಟಕ್ಕೆ ಕೈಯಿಟ್ಟು, "ರೀ" ಎಂದಳು.

"ಹಾಲು ನೋಡ್ಕೊಂಡೇ ಇದ್ದೆ ಕಣೇ" ಎಂದ ತಿಪ್ಪೇಶಿ.

"ರೀ...?" ಎಂದು ಎಳೆದಳು.

"ಉಕ್ಕೋದನ್ನೂ ನೋಡಿದೆ. ಒಲೆ ಆರಿಸು ಅಂತ ನೀನು ಹೇಳಿರಲಿಲ್ಲ."

ಅವಳು ಹುಬ್ಬೇರಿಸಿ, ತಣ್ಣಗೆ, "ರೀ" ಎಂದಳು.

"ಒರೆಸೋ ಬಟ್ಟೆ ಎಲ್ಲಿದೆ?"

ಸಭೆ ಬಿದ್ದು ಬಿದ್ದು ನಕ್ಕಿತು. ಹೆಂಗಸರ ಸಾಲಂತೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಿತು. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರು ಕೆಂಪಾಗಿ ಎದ್ದರು.

"ನಿಲ್ಲಿಸ್ರಿ ಇದನ್ನ. ಇದು ಗೌರವಾನಾ?"

ಕಮಲಾಕ್ಷಿ ಕೊಟ್ಟ ಮಾತಿನಂತೆ ಸುಮ್ಮನೆ ನಿಂತು, ಅವರನ್ನೇ ನೋಡಿದಳು.

ಆಗ ಪಕ್ಕದ ಕುರ್ಚಿಯಲ್ಲಿದ್ದ ಅಧ್ಯಕ್ಷರ ಹೆಂಡತಿ, ತಲೆ ಕೂಡ ಎತ್ತದೆ, ಮೆಲ್ಲಗೆ ಅಂದರು.

"ರೀ."

ಅಧ್ಯಕ್ಷರು ಕೂತರು.