ಮುಳ್ಳನ್ನು ತಳ್ಳಿದ ಪಟ್ಟಿ

“ಒಬ್ಬ ತಂಡೇಲ ಎರಡು ಲೋಹದ ಪಟ್ಟಿಗಳಲ್ಲಿ ಒಂದನ್ನು ಆರಿಸಿಕೊಂಡು ಹಡಗು ಹತ್ತಿದ. ಆಮೇಲೆ ಏನಾಯಿತು, ಊಹಿಸು ನೋಡೋಣ,” ಎಂದರು ಗುರುಗಳು.

ಹಂಪಯ್ಯ ಕಣ್ಣು ಕಣ್ಣು ಬಿಟ್ಟ. ಅವನು ಕೇಳಿದ್ದು ಹಡಗಿನ ವಿಷಯವನ್ನಲ್ಲ. ಬೆಳಗಾದರೆ ಹೊಳೆಯಾಚೆಯ ಊರಿಗೆ ಹೊರಟು ಅಲ್ಲಿ ಹೊಸ ಪಾಠಶಾಲೆ ತೆರೆಯಬೇಕಿತ್ತು. ಜೊತೆಗೆ ಒಬ್ಬನನ್ನು ಕರೆದುಕೊಂಡು ಹೋಗಲು ಅಪ್ಪಣೆಯಾಗಿತ್ತು. ಶಾಂತಪ್ಪ ಇವನು ಏನು ಹೇಳಿದರೂ ಹೌದೆನ್ನುತ್ತಿದ್ದ. ಕೊಟ್ರಯ್ಯ ಒಂದು ಮಾತಿಗೆ ಹೌದೆಂದರೆ ಇನ್ನೊಂದಕ್ಕೆ ಅಡ್ಡ ಹಾಕುತ್ತಿದ್ದ. ಇಬ್ಬರಲ್ಲಿ ಯಾರನ್ನು ಕರೆದೊಯ್ಯಲಿ ಎಂದು ಹಂಪಯ್ಯ ಕೇಳಿದ್ದ. ಕೇಳಿದ್ದೇನೋ ನಿಜ, ಮನಸ್ಸಿನಲ್ಲಿ ಆಗಲೇ ಶಾಂತಪ್ಪನ ಗಂಟು ಕಟ್ಟಿಸಿ ಆಗಿತ್ತು.

“ತಿಳಿಯದು ಗುರುಗಳೇ,” ಎಂದ.

“ಹಾಗಾದರೆ ಕೇಳು.”

ಹಡಗು ನಡೆಸುವುದರಲ್ಲಿ ಪಳಗಿದ ಒಬ್ಬ ತಂಡೇಲನಿದ್ದ. ಅವನ ದಿಕ್ಸೂಚಿಯ ಮುಳ್ಳು ಹಳೆಯದಾಗಿ ಸೊರಗಿತ್ತು. ಉತ್ತರವನ್ನು ತೋರಿಸುತ್ತಿತ್ತು, ಆದರೆ ನಿದ್ದೆಗಣ್ಣಿನಲ್ಲಿ ಎದ್ದವನು ಬಾಗಿಲು ತೋರಿಸಿದ ಹಾಗೆ. ಅಂಥ ಮುಳ್ಳನ್ನು ಅಯಸ್ಕಾಂತದಿಂದ ಒಂದೇ ದಿಕ್ಕಿಗೆ ಉಜ್ಜಿದರೆ ಅದಕ್ಕೆ ಮತ್ತೆ ಕಸುವು ಬರುತ್ತದೆ. ತೀರಿಹೋದ ಇನ್ನೊಬ್ಬ ತಂಡೇಲನ ಮನೆಯಲ್ಲಿ ಅಯಸ್ಕಾಂತವಿದೆ ಎಂದು ಕೇಳಿ ಇವನು ಅಲ್ಲಿಗೆ ಹೋದ.

ಆ ಮನೆಯಾಕೆ ಪೆಟ್ಟಿಗೆ ತೆರೆದಳು. ಒಳಗೆ ಒಂದೇ ಅಳತೆಯ, ಒಂದೇ ಬಣ್ಣದ ಎರಡು ಪಟ್ಟಿಗಳಿದ್ದವು.

“ಇದರಲ್ಲಿ ಒಂದು ಅಯಸ್ಕಾಂತ. ಇನ್ನೊಂದು ಅದಕ್ಕೆ ಜೊತೆಯಿರಲಿ ಎಂದು ಇಟ್ಟ ಬರೀ ಕಬ್ಬಿಣ. ಯಾವುದು ಯಾವುದೆಂದು ನಮ್ಮವರು ಹೇಳದೆ ಹೋದರು. ಒಂದನ್ನು ಒಯ್ಯಿರಿ, ಇನ್ನೊಂದು ಅವರ ನೆನಪಿಗೆ ನನಗಿರಲಿ. ಹೊಲಿಯುವ ಸೂಜಿ ಕೊಡಲೇ, ಹಿಡಿದು ನೋಡುತ್ತೀರಾ?”

“ಹೊಲಿಯುವ ಸೂಜಿಗೆ ದಿಕ್ಕು ದೆಸೆ ಏನು ಗೊತ್ತಮ್ಮ? ನನ್ನ ಮುಳ್ಳನ್ನೇ ಕೇಳುತ್ತೇನೆ.”

“ಕೇಳಿ. ಅದು ಹೇಳಿದ್ದು ನಿಮಗೆ ತಿಳಿದರೆ ಸರಿ,” ಎಂದಳು ಅವಳು.

ತಂಡೇಲ ಮೊದಲನೆಯ ಪಟ್ಟಿಯನ್ನು ಮುಳ್ಳಿನ ಬಳಿ ಹಿಡಿದ. ಹೇಗೆ ತಿರುಗಿಸಿ ಹಿಡಿದರೂ, ಮುಳ್ಳಿನ ಯಾವ ತುದಿಗೆ ಹಿಡಿದರೂ, ಮುಳ್ಳು ಅದರತ್ತಲೇ ಬಂತು. ಎರಡನೆಯದನ್ನು ಹಿಡಿದ. ಅದರ ಒಂದು ತುದಿಗೆ ಮುಳ್ಳು ಓಡಿ ಬಂತು. ಪಟ್ಟಿಯನ್ನು ತಿರುಗಿಸಿದಾಗ ಅದೇ ಮುಳ್ಳು ಬೆನ್ನು ತೋರಿಸಿ ಸರಿದುಕೊಂಡಿತು. ತಂಡೇಲನಿಗೆ ಮುಖಕ್ಕೆ ಬಾಗಿಲು ಹಾಕಿಸಿಕೊಂಡ ಹಾಗಾಯಿತು.

“ಇದು ಜಗಳಗಂಟ ಪಟ್ಟಿ. ಸಮುದ್ರದ ಮೇಲೆ ನನಗೆ ಜಗಳ ಬೇಡ,” ಎಂದು ಮೊದಲನೆಯದನ್ನು ಎತ್ತಿಕೊಂಡು ಹೋದ.

ಹಡಗಿನಲ್ಲಿ ಕೂತು ಅದರಿಂದ ಮುಳ್ಳನ್ನು ಉಜ್ಜಿಯೇ ಉಜ್ಜಿದ. ಕೊಡುವುದಕ್ಕೆ ಅದರ ಬಳಿ ಏನಿತ್ತು? ಆದರೂ ಅದರ ಮೇಲಿನ ಪ್ರೀತಿಗೆ ದಿಕ್ಸೂಚಿಯ ಪಕ್ಕದಲ್ಲೇ ಇಟ್ಟುಕೊಂಡ. ಸಮುದ್ರದ ಮೇಲೆ ಮಂಜು ಕವಿಯಿತು. ದಡವೂ ಕಾಣಲಿಲ್ಲ, ಸೂರ್ಯನೂ ಕಾಣಲಿಲ್ಲ. ತಂಡೇಲ ಮುಳ್ಳನ್ನು ನೋಡಿದ. ಮುಳ್ಳು ಪಟ್ಟಿಯನ್ನು ನೋಡುತ್ತಿತ್ತು. ಅವನು ಪಟ್ಟಿಯನ್ನು ಎಲ್ಲಿಟ್ಟನೋ ಅಲ್ಲೇ ಉತ್ತರ. ತಾನು ಅಂದುಕೊಂಡದ್ದೇ ಸರಿಯಾಯಿತೆಂದು ತಂಡೇಲ ನೆಮ್ಮದಿಯಿಂದ ಚುಕ್ಕಾಣಿ ಹಿಡಿದ. ಹಡಗು ಬಂಡೆಗೆ ಬಡಿಯಿತು. ಜನ ಈಜಿ ದಡ ಸೇರಿದರು. ಹಡಗು ಸೇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ತಳ್ಳಿದ್ದೇ ಅಯಸ್ಕಾಂತವೇ?” ಎಂದು ಹಂಪಯ್ಯ ಕೇಳಿದ.

“ಮುಳ್ಳನ್ನು ಸೆಳೆಯುವ ಕೆಲಸವನ್ನು ಬರೀ ಕಬ್ಬಿಣವೂ ಮಾಡುತ್ತದಪ್ಪ. ತಳ್ಳಬೇಕಾದರೆ ಅಯಸ್ಕಾಂತವೇ ಆಗಬೇಕು. ಅದಕ್ಕೆ ತನ್ನವೇ ಎರಡು ಧ್ರುವಗಳಿವೆ. ಉತ್ತರದ ಮುಂದೆ ದಕ್ಷಿಣ ಬಂದರೆ ಸೆಳೆತ, ಉತ್ತರದ ಮುಂದೆ ಉತ್ತರವೇ ಬಂದರೆ ತಳ್ಳಾಟ. ಬರೀ ಕಬ್ಬಿಣಕ್ಕೆ ತನ್ನದೆಂಬ ಧ್ರುವವಿಲ್ಲ. ಯಾರು ಹತ್ತಿರ ಬಂದರೂ ಅದು ಅವರ ಕಡೆ.”

ಹೊರಗೆ ಜಗಲಿಯಲ್ಲಿ ಕೊಟ್ರಯ್ಯ ಯಾರಿಗೋ “ಅದು ಹಾಗಲ್ಲ ಮಾರಾಯ” ಎನ್ನುತ್ತಿದ್ದ. ಆ ದನಿ ಹಂಪಯ್ಯನಿಗೆ ಈಗಲೂ ಹಿತವಾಗಲಿಲ್ಲ. ಕತೆ ತೀರ ಹಳೆಯದಾಗಿದ್ದರೆ ತನಗೆ ತಗಲುವುದಿಲ್ಲ ಎಂಬ ಸಣ್ಣ ಆಸೆಯಿಂದ ಅವನು ಕೇಳಿದ:

“ಇದೆಲ್ಲ ಯಾವಾಗ ನಡೆದದ್ದು ಗುರುಗಳೇ?”

“ನಾಳೆ, ಗುರುವಾರ, ಫಾಲ್ಗುಣ ಶುದ್ಧ ತದಿಗೆಯ ದಿನ.”